ಎಸ್‌ಎಸ್‌ಎಲ್‌ಸಿ ನಕಲು: ಕ್ಯಾಮೆರಾ ಬಂದ ಮೇಲೂ ಉಳಿದಿರುವ ಪ್ರಶ್ನೆಗಳು

2023ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಶೇ 96.80 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಿದ್ದ ಚಿತ್ರದುರ್ಗ ಜಿಲ್ಲೆ ಮರುವರ್ಷ 21ನೇ ಸ್ಥಾನಕ್ಕೆ ಇಳಿಯಿತು. ಹಿಂದಿನ ವರ್ಷ ಮೊದಲ ಹತ್ತರೊಳಗೂ ಇರದಿದ್ದ ಉಡುಪಿ ಮೊದಲ ಸ್ಥಾನಕ್ಕೆ ಬಂತು. ಹನ್ನೆರಡೇ ತಿಂಗಳಲ್ಲಿ ಒಂದು ಜಿಲ್ಲೆಯ ಮಕ್ಕಳು ಕಲಿತದ್ದನ್ನೆಲ್ಲ ಮರೆಯುವುದಿಲ್ಲ, ಇನ್ನೊಂದು ಜಿಲ್ಲೆಯ ಮಕ್ಕಳು ಇದ್ದಕ್ಕಿದ್ದಂತೆ ಜಾಣರಾಗುವುದೂ ಇಲ್ಲ. ಪಠ್ಯಪುಸ್ತಕ ಬಹುತೇಕ ಅವೇ ಇದ್ದವು, ಶಿಕ್ಷಕರೂ ಹೆಚ್ಚುಕಡಿಮೆ ಅವರೇ ಇದ್ದರು. ಎದ್ದು ಕಾಣುವಂತೆ ಬದಲಾದದ್ದು ಪರೀಕ್ಷೆ ನಡೆಸುವ ರೀತಿ: 2024ರಲ್ಲಿ ರಾಜ್ಯದ ಪರೀಕ್ಷಾ ಕೇಂದ್ರಗಳಲ್ಲೆಲ್ಲ ಕ್ಯಾಮೆರಾ ಅಳವಡಿಸಿ, ಕೊಠಡಿಯೊಳಗಿನ ದೃಶ್ಯವನ್ನು ಜಿಲ್ಲಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಕುಳಿತು ನೋಡುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಜಾರಿಗೆ ಬಂತು. ಸ್ಥಾನ ಕುಸಿದ ಮಾತ್ರಕ್ಕೆ ಯಾವುದೇ ಜಿಲ್ಲೆಯ ಮಕ್ಕಳ ಮೇಲೆ ಅಪವಾದ ಹೊರಿಸುವುದು ತಪ್ಪು. ಪ್ರಶ್ನೆಪತ್ರಿಕೆಯ ಕಾಠಿಣ್ಯ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಬೇರೆ ಕಾರಣಗಳೂ ಇರುತ್ತವೆ. ಆದರೂ ಪಟ್ಟಿಯ ಮೇಲ್ತುದಿ ಕೆಳತುದಿಗಳು ಇಷ್ಟು ಜೋರಾಗಿ ಅಲುಗಿದಾಗ, ಅದುವರೆಗೆ ನಾವು ಅಳೆಯುತ್ತಿದ್ದದ್ದು ಕಲಿಕೆಯನ್ನೇ ಅಥವಾ ಇನ್ನೇನನ್ನೋ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ.

ರಾಜ್ಯದ ಒಟ್ಟು ಫಲಿತಾಂಶವನ್ನು ನೋಡಿದರೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. 2022ರಲ್ಲಿ ಶೇ 85.63, 2023ರಲ್ಲಿ ಶೇ 83.89 ಇದ್ದ ತೇರ್ಗಡೆ ಪ್ರಮಾಣ 2024ರಲ್ಲಿ ಶೇ 73.40 ಎಂದು ಪ್ರಕಟವಾಯಿತು. ಆ ಸಂಖ್ಯೆಯೂ ಅಪ್ಪಟವಾಗಿರಲಿಲ್ಲ. ಕೋವಿಡ್ ಕಾಲದಿಂದ ಶೇ 10ರಷ್ಟಿದ್ದ ಕೃಪಾಂಕವನ್ನು ಆ ವರ್ಷ ಶೇ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಕನಿಷ್ಠ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಲಾಗಿತ್ತು. ಹಾಗೆ ಮಾಡಿರದಿದ್ದರೆ ಫಲಿತಾಂಶ ಶೇ 54ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು, ಸುಮಾರು 1.7 ಲಕ್ಷ ಮಕ್ಕಳು ಕೃಪಾಂಕದ ಬಲದಿಂದಲೇ ದಡ ಸೇರಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಇದಕ್ಕೆ ಅಸಮಾಧಾನ ಸೂಚಿಸಿ, ಮುಂದಿನ ವರ್ಷದಿಂದ ಕೃಪಾಂಕ ಕೂಡದು ಎಂದರು. 2025ರಲ್ಲಿ ಕ್ಯಾಮೆರಾ ಉಳಿಯಿತು, ಕೃಪಾಂಕ ಹೋಯಿತು. ವರ್ಷದ ಮೊದಲ ಪರೀಕ್ಷೆಯಾದ ಪರೀಕ್ಷೆ–1ರಲ್ಲಿ ಶಾಲಾ ವಿದ್ಯಾರ್ಥಿಗಳ ಫಲಿತಾಂಶ ಶೇ 66.14ರಲ್ಲಿ ನಿಂತಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆಯುವ ಪರೀಕ್ಷೆಯಲ್ಲಿ ಇಪ್ಪತ್ತು ಮೂವತ್ತು ಅಂಶಗಳ ವ್ಯತ್ಯಾಸವೆಂದರೆ ಲಕ್ಷಗಟ್ಟಲೆ ಮಕ್ಕಳ ಮಾತು. ಇಷ್ಟು ದೊಡ್ಡ ಅಂತರವನ್ನು ಅಂಗಿಯ ತೋಳಿನಲ್ಲಿ ಚೀಟಿ ಬಚ್ಚಿಟ್ಟುಕೊಂಡ ಹದಿನೈದು ವರ್ಷದ ಹುಡುಗರು ತಾವಾಗಿಯೇ ಸೃಷ್ಟಿಸಲಾರರು.

ಕೆಲವು ವರ್ಷಗಳ ಹಿಂದೆ, ಹೆಸರು ಬೇಡ, ಒಂದು ಪರೀಕ್ಷಾ ಕೇಂದ್ರದಲ್ಲಿ ನಾನು ಕೊಠಡಿ ಮೇಲ್ವಿಚಾರಕನಾಗಿದ್ದೆ. ಅಂದು ಗಣಿತ ಪತ್ರಿಕೆ. ಎಂಬತ್ತು ಅಂಕದ ಆ ಪತ್ರಿಕೆ ಆರಂಭವಾಗುವುದೇ ಒಂದೊಂದು ಅಂಕದ ಎಂಟು ಬಹುಆಯ್ಕೆ ಪ್ರಶ್ನೆಗಳಿಂದ. ಅವುಗಳ ಹಿಂದೆಯೇ ಒಂದೇ ವಾಕ್ಯದಲ್ಲಿ ಉತ್ತರಿಸುವ ಮತ್ತೆ ಎಂಟು. ಮುಗಿಯಲು ಇಪ್ಪತ್ತು ನಿಮಿಷ ಇರುವಾಗ ಕೇಂದ್ರದ ಸಿಬ್ಬಂದಿಯೊಬ್ಬರು ಸಹಿ ಪಟ್ಟಿ ನೋಡುವ ನೆಪದಲ್ಲಿ ಒಳಗೆ ಬಂದು, ಕಪ್ಪುಹಲಗೆಗೆ ಬೆನ್ನು ಮಾಡಿ ನಿಂತು, ಮೆಲ್ಲಗೆ ‘ಒಂದು ಬಿ, ಎರಡು ಡಿ, ಮೂರು ಎ’ ಎಂದು ಹೇಳತೊಡಗಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಮೂರನೇ ಬೆಂಚಿನಲ್ಲಿದ್ದ ಹುಡುಗಿ ವರ್ಗ ಸಮೀಕರಣದ ಪ್ರಶ್ನೆಗೆ ಪಕ್ಕದಲ್ಲೇ ಲೆಕ್ಕ ಮಾಡಿ, ಶೋಧಕದ ಬೆಲೆ ಸೊನ್ನೆ ಬರುತ್ತದೆಂದು ಕಂಡುಕೊಂಡು, ಮೂಲಗಳು ಸಮ ಎಂಬ ಸರಿಯುತ್ತರವನ್ನು ಬರೆದಿದ್ದಳು. ಹೇಳಿಕೊಟ್ಟ ಉತ್ತರ ಬೇರೆಯಾಗಿತ್ತು, ತಪ್ಪಾಗಿತ್ತು. ಅವಳು ಒಂದು ಕ್ಷಣ ತಡೆದು, ತನ್ನ ಉತ್ತರವನ್ನು ಹೊಡೆದುಹಾಕಿ, ಹೇಳಿದ್ದನ್ನು ಬರೆದಳು. ಕಪ್ಪುಹಲಗೆಯ ಬಳಿ ನಿಂತವರು ದೊಡ್ಡವರು, ಮೇಷ್ಟ್ರು. ಅವರು ತಪ್ಪು ಹೇಳುತ್ತಾರೆಂದು ಆ ಮಗು ಹೇಗೆ ತಾನೆ ನಂಬೀತು? ನಾನು ಅಂದು ಸುಮ್ಮನಿದ್ದೆ. ಅದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ.

ನಕಲು ಎಂಬ ಒಂದೇ ಪದದಡಿ ನಾವು ಬೇರೆಬೇರೆ ಸಂಗತಿಗಳನ್ನು ತುರುಕುತ್ತೇವೆ. ಚೀಟಿ ತರುವುದು, ಪಕ್ಕದವರ ಹಾಳೆಗೆ ಇಣುಕುವುದು ವಿದ್ಯಾರ್ಥಿಯೊಬ್ಬನ ತಪ್ಪು. ಎಚ್ಚರದ ಮೇಲ್ವಿಚಾರಕರಿದ್ದರೆ ಅದು ಅಲ್ಲಲ್ಲೇ ನಿಲ್ಲುತ್ತದೆ. ಪ್ರಶ್ನೆಪತ್ರಿಕೆ ಸೋರಿಕೆ ಹಣಕ್ಕಾಗಿ ನಡೆಯುವ ಸಂಘಟಿತ ಅಪರಾಧ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪತ್ರಿಕೆ ಒಮ್ಮೆ ಸೋರಿಕೆಯಾಗಿ, ಮರುಪರೀಕ್ಷೆಗೆ ಸಿದ್ಧವಾದ ಪತ್ರಿಕೆಯೂ ಸೋರಿಕೆಯಾಗಿ, ಕೊನೆಗೆ ಏಪ್ರಿಲ್ 12ರಂದು ಮಕ್ಕಳು ಅದನ್ನು ಬರೆದದ್ದನ್ನು ಆ ಕಾಲದ ಪಾಲಕರು ಮರೆತಿರಲಾರರು. ಇವೆರಡರ ನಡುವೆ ಮೂರನೆಯದೊಂದಿದೆ: ಕೇಂದ್ರದ ಒಳಗಿನವರೇ ಸೇರಿ ಇಡೀ ಕೊಠಡಿಗೆ ಉತ್ತರ ಹೇಳಿಕೊಡುವುದು. ಇದರಲ್ಲಿ ಹಣದ ಕೈಬದಲು ಇರಲೇಬೇಕೆಂದಿಲ್ಲ, ಮಕ್ಕಳು ಕೇಳಿಕೊಂಡಿರಬೇಕೆಂದೂ ಇಲ್ಲ. ಜಿಲ್ಲೆಯ ಶೇಕಡಾವಾರು ಫಲಿತಾಂಶವನ್ನು ಮೇಲೆಕೆಳಗೆ ಮಾಡಬಲ್ಲದ್ದು ಈ ಮೂರನೆಯ ಬಗೆ ಮಾತ್ರ, ಮತ್ತು ನಮ್ಮ ಕಾನೂನು, ಸುತ್ತೋಲೆ, ಭಾಷಣಗಳಲ್ಲಿ ಅತಿ ಕಡಿಮೆ ಚರ್ಚೆಯಾಗುವುದೂ ಇದೇ.

ಇದರ ಬೇರು ಹುಡುಕಬೇಕಾದರೆ ಪರೀಕ್ಷೆಗೆ ಹಲವು ತಿಂಗಳ ಮೊದಲು ಜಿಲ್ಲೆ, ತಾಲ್ಲೂಕುಗಳಲ್ಲಿ ನಡೆಯುವ ಫಲಿತಾಂಶ ಸುಧಾರಣಾ ಸಭೆಗಳಿಗೆ ಹೋಗಬೇಕು. ಈ ವರ್ಷ ನಮ್ಮ ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಬರಬೇಕು ಎಂದು ಅಲ್ಲಿ ನಿಗದಿಯಾಗುತ್ತದೆ. ಉಪನಿರ್ದೇಶಕರು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅವರು ಮುಖ್ಯ ಶಿಕ್ಷಕರಿಗೆ, ಮುಖ್ಯ ಶಿಕ್ಷಕರು ವಿಷಯ ಶಿಕ್ಷಕರಿಗೆ ಗುರಿ ದಾಟಿಸುತ್ತಾರೆ. ಫಲಿತಾಂಶ ಕುಸಿದ ಶಾಲೆಗೆ ಕಾರಣ ಕೇಳಿ ನೋಟಿಸ್ ಬರುತ್ತದೆ, ಅನುದಾನಿತ ಶಾಲೆಗೆ ಅನುದಾನದ ಚಿಂತೆ ಹತ್ತುತ್ತದೆ, ನೂರಕ್ಕೆ ನೂರು ಬಂದ ಶಾಲೆಗೆ ಸನ್ಮಾನ ನಡೆಯುತ್ತದೆ. ಎಂಟನೇ ತರಗತಿಗೆ ಬರುವಾಗಲೇ ಭಾಗಾಕಾರ ಬಾರದ ಮಗುವನ್ನು ಎರಡೂವರೆ ವರ್ಷದಲ್ಲಿ ಹತ್ತನೇ ತರಗತಿಯ ಮಟ್ಟಕ್ಕೆ ತಂದು ನಿಲ್ಲಿಸಬೇಕಾದ ಶಿಕ್ಷಕನ ಮುಂದೆ ಆಗ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಒಂದು ಬಲು ಕಷ್ಟದ್ದು, ಇನ್ನೊಂದಕ್ಕೆ ಎರಡು ನಿಮಿಷ ಸಾಕು. ಯಾವುದೇ ಒಂದು ಅಳತೆಗೆ ಬಹುಮಾನ, ಶಿಕ್ಷೆಗಳನ್ನು ಗಟ್ಟಿಯಾಗಿ ಕಟ್ಟಿದಷ್ಟೂ ಆ ಅಳತೆ ಕೆಡುತ್ತಾ ಹೋಗುತ್ತದೆ ಎಂದು ಅಮೆರಿಕದ ಸಮಾಜ ವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ಅವರದೇ ದೇಶದ ಅಟ್ಲಾಂಟಾ ನಗರದಲ್ಲಿ ಅದು ಅಕ್ಷರಶಃ ನಿಜವಾಯಿತು: ಅಲ್ಲಿನ 44 ಸಾರ್ವಜನಿಕ ಶಾಲೆಗಳಲ್ಲಿ 178 ಶಿಕ್ಷಕರು ಮತ್ತು ಮುಖ್ಯಸ್ಥರು ಮಕ್ಕಳ ಉತ್ತರಪತ್ರಿಕೆ ತಿದ್ದುವುದೂ ಸೇರಿದಂತೆ ಅಕ್ರಮಗಳಲ್ಲಿ ಭಾಗಿಯಾಗಿದ್ದರೆಂದು 2011ರ ತನಿಖಾ ವರದಿ ಹೇಳಿತು. ಅಲ್ಲಿಯೂ ಒತ್ತಡ ಮೇಲಿನಿಂದ ಇಳಿದುಬಂದ ಗುರಿಗಳದ್ದೇ ಆಗಿತ್ತು.

ಕಠಿಣ ಕಾನೂನು ತಂದರೆ ಸಾಕು ಎಂಬ ವಾದ ಪ್ರತಿ ಹಗರಣದ ನಂತರವೂ ಕೇಳಿಬರುತ್ತದೆ. ಉತ್ತರ ಪ್ರದೇಶ 1992ರಲ್ಲಿ ಈ ದಾರಿಯನ್ನು ಕೊನೆಯವರೆಗೂ ನಡೆದು ನೋಡಿತು. ಕಲ್ಯಾಣ್ ಸಿಂಗ್ ಸರ್ಕಾರ, ರಾಜನಾಥ್ ಸಿಂಗ್ ಶಿಕ್ಷಣ ಸಚಿವರಾಗಿದ್ದಾಗ, ನಕಲನ್ನು ಜಾಮೀನುರಹಿತ ಅಪರಾಧವನ್ನಾಗಿ ಮಾಡಿತು. ಪರೀಕ್ಷೆ ಬರೆಯುವ ಮಕ್ಕಳೇ ಜೈಲು ಸೇರುವಂತಾಯಿತು. ಆ ವರ್ಷ ಅಲ್ಲಿನ ಹೈಸ್ಕೂಲ್ ಫಲಿತಾಂಶ ಶೇ 14.70ಕ್ಕೆ ಕುಸಿಯಿತು. ಮಕ್ಕಳನ್ನು ಕೈಕೋಳ ಹಾಕಿ ಕರೆದೊಯ್ದ ಸಿಟ್ಟು ಚುನಾವಣೆಯ ವಿಷಯವಾಯಿತು, ಮುಂದೆ ಬಂದ ಮುಲಾಯಂ ಸಿಂಗ್ ಸರ್ಕಾರ ಕಾನೂನನ್ನು ತೆಗೆದುಹಾಕಿತು, ಫಲಿತಾಂಶ ಮತ್ತೆ ಏರಿತು. ಕಲಿಸುವ ಕಡೆ ಏನೂ ಬದಲಾಗದೆ ಹಿಡಿಯುವ ಕಡೆ ಮಾತ್ರ ಬಿಗಿಯಾದರೆ, ಆ ಬಿಗಿ ಒಂದು ಚುನಾವಣೆಯಷ್ಟು ಕಾಲ ಬಾಳುತ್ತದೆ. ನಮ್ಮಲ್ಲಿ 2016ರ ಸೋರಿಕೆಯ ಬೆನ್ನಿಗೆ ಶಿಕ್ಷಣ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷೆಯನ್ನು ಹೆಚ್ಚಿಸಲಾಯಿತು. ಸೋರಿಕೆ ಜಾಲಗಳ ಮಟ್ಟಿಗೆ ಅದು ಬೇಕಾಗಿಯೇ ಇತ್ತು. ಕೇಂದ್ರ ಸರ್ಕಾರ 2024ರ ಜೂನ್ 21ರಿಂದ ಜಾರಿಗೆ ತಂದ ಸಾರ್ವಜನಿಕ ಪರೀಕ್ಷೆಗಳ ಕಾಯ್ದೆ ಸಂಘಟಿತ ಅಕ್ರಮಕ್ಕೆ ಹತ್ತು ವರ್ಷದವರೆಗೆ ಜೈಲು, ಕನಿಷ್ಠ ಒಂದು ಕೋಟಿ ರೂಪಾಯಿ ದಂಡ ಹೇಳುತ್ತದೆಯಾದರೂ, ಅದು ಯುಪಿಎಸ್‌ಸಿ, ರೈಲ್ವೆ, ಬ್ಯಾಂಕ್ ನೇಮಕಾತಿ, ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ಮುಂತಾದವರ ಪರೀಕ್ಷೆಗಳಿಗೆ ಅನ್ವಯವಾಗುವಂಥದ್ದು. ರಾಜ್ಯದ ಹತ್ತನೇ ತರಗತಿ ಅದರ ವ್ಯಾಪ್ತಿಯಲ್ಲಿಲ್ಲ. ಆ ಕಾಯ್ದೆಯಲ್ಲಿ ಒಂದು ವಿವೇಕದ ಅಂಶವಿದೆ: ಪರೀಕ್ಷಾರ್ಥಿಗಳನ್ನು ಅದರ ದಂಡನೆಯಿಂದ ಹೊರಗಿಡಲಾಗಿದೆ. ಶಾಲಾ ಪರೀಕ್ಷೆಯ ವಿಷಯದಲ್ಲಂತೂ ಇದೇ ನಿಲುವು ಸರಿ. ಮಕ್ಕಳನ್ನೇ ಮೊದಲ ಶಂಕಿತರೆಂದು ಭಾವಿಸಿದರೆ ಏನಾಗುತ್ತದೆ ಎಂಬುದನ್ನು 2019ರ ಅಕ್ಟೋಬರ್‌ನಲ್ಲಿ ಹಾವೇರಿಯ ಖಾಸಗಿ ಪಿಯು ಕಾಲೇಜೊಂದರ ಚಿತ್ರ ದೇಶಕ್ಕೆಲ್ಲ ತೋರಿಸಿತು. ಅತ್ತಿತ್ತ ನೋಡದಿರಲೆಂದು ಅಲ್ಲಿ ವಿದ್ಯಾರ್ಥಿಗಳ ತಲೆಗೆ ರಟ್ಟಿನ ಪೆಟ್ಟಿಗೆ ತೊಡಿಸಿ ಪರೀಕ್ಷೆ ಬರೆಸಲಾಗಿತ್ತು.

ಹಾಗಾದರೆ ಕ್ಯಾಮೆರಾ? ಅದು ಕೆಲಸ ಮಾಡುತ್ತದೆ, ಮತ್ತು ಉಳಿಯಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಜೆರಾಕ್ಸ್ ಅಂಗಡಿಗಳಿಗೆ ಬೀಗ, ಸ್ಥಾನಿಕ ಜಾಗೃತ ದಳ, ಮೊಬೈಲ್ ಸ್ವಾಧೀನಾಧಿಕಾರಿ ಎಲ್ಲವೂ ಮೊದಲಿನಿಂದ ಇದ್ದವು. ಅವೆಲ್ಲ ಹೊರಗಿನವರನ್ನು ತಡೆಯುವ ಏರ್ಪಾಡುಗಳು. ಒಳಗಿನವರು ಒಬ್ಬರನ್ನೊಬ್ಬರು ಬಲ್ಲವರೇ ಆದ್ದರಿಂದ ಅವರನ್ನು ತಡೆಯುವವರು ಯಾರೂ ಇರಲಿಲ್ಲ. ವೆಬ್‌ಕಾಸ್ಟಿಂಗ್ ಮೊದಲ ಬಾರಿಗೆ ಆ ಕೊಠಡಿಯನ್ನು ಊರಾಚೆಯ ಕಣ್ಣಿಗೆ ತೆರೆದಿಟ್ಟಿತು. ಸಾಮಾನ್ಯ ಶಿಕ್ಷಕನಿಗೂ ಅದರಿಂದ ಒಂದು ಆಸರೆ ಸಿಕ್ಕಿತು ಎಂಬುದನ್ನು ನಾವು ಗಮನಿಸಬೇಕು. ‘ಸ್ವಲ್ಪ ಸಹಕರಿಸಿ’ ಎಂದು ಮೇಲಿನವರು ಹೇಳಿದಾಗ ‘ಕ್ಯಾಮೆರಾ ಇದೆ ಸಾರ್’ ಎನ್ನುವುದು ಈಗ ಸಾಧ್ಯ. ನನಗೆ ಅಂದು ಆ ಮಾತು ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಆದರೆ ಕ್ಯಾಮೆರಾ ಬಂದಾಗ ನಷ್ಟ ಯಾರಿಗೆ ತಟ್ಟುತ್ತದೆ ಎಂಬ ಪ್ರಶ್ನೆಗೆ ರೊಮೇನಿಯಾದ ಅನುಭವ ಅಷ್ಟೇನೂ ಹಿತವಲ್ಲದ ಉತ್ತರ ಕೊಡುತ್ತದೆ. ಅಲ್ಲಿನ ಶಾಲಾಂತ್ಯ ಪರೀಕ್ಷೆಗೆ 2011ರ ಹೊತ್ತಿಗೆ ಕ್ಯಾಮೆರಾ ಕಣ್ಗಾವಲು, ಜೊತೆಗೆ ತಪ್ಪಿತಸ್ಥರಿಗೆ ಕಠಿಣ ಶಿಕ್ಷೆ ಎರಡೂ ಬಂದವು. ಅದಕ್ಕೂ ಒಂದೆರಡು ವರ್ಷ ಮೊದಲು ಶೇ 80ಕ್ಕೂ ಮೇಲಿದ್ದ ತೇರ್ಗಡೆ ಅರ್ಧಕ್ಕಿಂತ ಕೆಳಗಿಳಿಯಿತು. ಅಕ್ರಮ ನಿಂತದ್ದು ನಿಜ. ಆದರೆ ಬಡ ಮಕ್ಕಳ ಅಂಕಗಳು ಉಳಿದವರಿಗಿಂತ ಹೆಚ್ಚು ಕುಸಿದು, ಅವರ ನಡುವಿನ ಅಂತರ ಹಿಗ್ಗಿತು ಎಂದು ಅರ್ಥಶಾಸ್ತ್ರಜ್ಞರ ಅಧ್ಯಯನ ತೋರಿಸಿತು. ನಮ್ಮಲ್ಲೂ ಅದರ ನೆರಳು ಕಾಣುತ್ತಿದೆ. 2025ರಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದಾಗ ಕಲಬುರಗಿ ಪಡೆದದ್ದು ಶೇ 42.43. ಎರಡು ವರ್ಷಗಳ ಹಿಂದೆ, ಅಂದರೆ 2023ರಲ್ಲಿ, ಪಟ್ಟಿಯ ತಳದಲ್ಲಿದ್ದ ಯಾದಗಿರಿ ಕೂಡ ಶೇ 75 ದಾಟಿತ್ತು. ಮೇಲಿನವರಿಗೂ ಕೆಳಗಿನವರಿಗೂ ಇದ್ದ ಇಪ್ಪತ್ತು ಚಿಲ್ಲರೆ ಅಂಶಗಳ ಅಂತರ ಸುಮಾರು ಐವತ್ತಕ್ಕೆ ಹೋಯಿತು. ಈ ಅಂತರವನ್ನು ಕ್ಯಾಮೆರಾ ಉಂಟುಮಾಡಲಿಲ್ಲ, ಅದು ಮೊದಲೇ ಇತ್ತು. ಹುಸಿ ಅಂಕಗಳು ಅದನ್ನು ಮುಚ್ಚಿದ್ದವು. ಗಣಿತಕ್ಕೂ ಇಂಗ್ಲಿಷಿಗೂ ಕಾಯಂ ಶಿಕ್ಷಕರಿಲ್ಲದೆ, ಜೂನ್‌ನಲ್ಲಿ ಬರಬೇಕಾದ ಅತಿಥಿ ಶಿಕ್ಷಕರು ತಡವಾಗಿ ಬಂದು ವರ್ಷ ದೂಡಿದ ಶಾಲೆಯಲ್ಲಿ, ನಕಲು ಎಂಬುದು ಸರ್ಕಾರದ ಲೋಪವನ್ನು ಮರೆಮಾಡುವ ಪರದೆಯೂ ಆಗಿತ್ತು. ಪರದೆ ಸರಿಸಿದವರು ಹಿಂದಿರುವುದನ್ನು ಸರಿಪಡಿಸುವ ಹೊಣೆಯನ್ನೂ ಹೊತ್ತುಕೊಳ್ಳಬೇಕು.

ಭರವಸೆಗೆ ಕಾರಣವಿಲ್ಲವೇ ಎಂದರೆ, ಇದೆ. ಇಂಡೋನೇಷ್ಯಾ 2015ರಿಂದ ತನ್ನ ರಾಷ್ಟ್ರೀಯ ಶಾಲಾ ಪರೀಕ್ಷೆಯನ್ನು ಹಂತಹಂತವಾಗಿ ಕಂಪ್ಯೂಟರ್‌ಗೆ ಬದಲಾಯಿಸಿತು. ಒಂದೇ ಪತ್ರಿಕೆಯ ಉತ್ತರಗಳನ್ನು ಮೊದಲೇ ಹಂಚುವ ದಾರಿ ಮುಚ್ಚಿತು, ಶಿಕ್ಷಕರು ಉತ್ತರಪತ್ರಿಕೆ ಮುಟ್ಟುವ ಅವಕಾಶ ಹೋಯಿತು. ಅಕ್ರಮ ಹೆಚ್ಚಿದ್ದ ಶಾಲೆಗಳ ಅಂಕಗಳು ಮೊದಲು ಧೊಪ್ಪನೆ ಬಿದ್ದವು. ಆಮೇಲಿನ ಒಂದೆರಡು ವರ್ಷಗಳಲ್ಲಿ, ನಕಲಿಗೆ ಅವಕಾಶವಿಲ್ಲದ ಅದೇ ವ್ಯವಸ್ಥೆಯಲ್ಲೇ, ಅವು ಮತ್ತೆ ಮೇಲೇರತೊಡಗಿದವು. ಅಡ್ಡದಾರಿ ನಿಜಕ್ಕೂ ಮುಚ್ಚಿದೆ, ಮುಂದಿನ ವರ್ಷವೂ ತೆರೆಯುವುದಿಲ್ಲ ಎಂದು ಖಚಿತವಾದಾಗ ಮಕ್ಕಳು ಓದಲೂ ಶಿಕ್ಷಕರು ಕಲಿಸಲೂ ಹೆಚ್ಚು ಶ್ರಮ ಹಾಕಿದರು ಎಂಬುದು ಅದನ್ನು ಅಧ್ಯಯನ ಮಾಡಿದವರ ವಿವರಣೆ. ನಮ್ಮ 2024ರ ಕೃಪಾಂಕ ನನಗೆ ತಪ್ಪಾಗಿ ಕಾಣುವುದು ಇದೇ ಕಾರಣಕ್ಕೆ. ಆ ವರ್ಷ ಇದ್ದಕ್ಕಿದ್ದಂತೆ ಬದಲಾದ ನಿಯಮದಡಿ ಪರೀಕ್ಷೆ ಬರೆದ ಮಕ್ಕಳ ಮೇಲಿನ ಕನಿಕರ ಸಹಜವೇ. ಆದರೆ ಕ್ಯಾಮೆರಾ ಹೇಳಿದ್ದನ್ನು ಕೃಪಾಂಕ ಅಲ್ಲಗಳೆಯಿತು, ಸಂಖ್ಯೆ ಚೆನ್ನಾಗಿ ಕಾಣುವುದೇ ಮುಖ್ಯ ಎಂಬ ಹಳೆಯ ಸಂದೇಶವನ್ನೇ ಶಾಲೆಗಳಿಗೆ ಮತ್ತೆ ಕಳಿಸಿತು.

ಈ ದೃಷ್ಟಿಯಿಂದ ನೋಡಿದಾಗ ಇನ್ನೊಂದು ಬಾಗಿಲು ತೆರೆದೇ ಇದೆ. ಪ್ರತಿ ವಿಷಯದಲ್ಲಿ 20 ಅಂಕ, ಪ್ರಥಮ ಭಾಷೆಯಲ್ಲಿ 25 ಅಂಕ ಶಾಲೆಯೇ ಕೊಡುವ ಆಂತರಿಕ ಮೌಲ್ಯಮಾಪನದ್ದು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ತೇರ್ಗಡೆಯ ಮಿತಿಯನ್ನು ಒಟ್ಟಾರೆ ಶೇ 33ಕ್ಕೆ, ಅಂದರೆ 625ಕ್ಕೆ 206 ಅಂಕಕ್ಕೆ ಇಳಿಸಿ, ಆಂತರಿಕ ಅಂಕವನ್ನೂ ಸೇರಿಸಿ ಪ್ರತಿ ವಿಷಯದಲ್ಲಿ ಶೇ 30 ಸಾಕೆಂದು ಪ್ರಕಟಿಸಿತು. ಮಿತಿ 35 ಇರಬೇಕೋ 33 ಇರಬೇಕೋ ಎಂಬುದು ನನಗೆ ದೊಡ್ಡ ಪ್ರಶ್ನೆಯಲ್ಲ. ಆದರೆ ಬೇಕಾದ ಮೂವತ್ತರಲ್ಲಿ ಇಪ್ಪತ್ತು ಶಾಲೆಯ ಕೈಯಲ್ಲೇ ಇರುವಾಗ, ಕೊಠಡಿಯಲ್ಲಿ ತಡೆಹಿಡಿದ ಒತ್ತಡ ಆಂತರಿಕ ಅಂಕದ ಕಡೆಗೆ ಹರಿಯುತ್ತದೆ. ಚಟುವಟಿಕೆಯ ಕಡತ ಹೇಗೆ ತುಂಬುತ್ತದೆ ಎಂದು ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಇಪ್ಪತ್ತಕ್ಕೆ ಇಪ್ಪತ್ತು ಪಡೆದು ಲಿಖಿತ ಪರೀಕ್ಷೆಯಲ್ಲಿ ಒಂದಂಕಿಯಲ್ಲಿ ನಿಲ್ಲುವ ಮಕ್ಕಳು ಅಪರೂಪವಲ್ಲ. ಲಿಖಿತ ಅಂಕಕ್ಕೂ ಆಂತರಿಕ ಅಂಕಕ್ಕೂ ತಾಳೆಯೇ ಆಗದ ಶಾಲೆಗಳನ್ನು ಪರೀಕ್ಷಾ ಮಂಡಳಿ ತನ್ನ ಬಳಿಯಿರುವ ಮಾಹಿತಿಯಿಂದಲೇ ಗುರುತಿಸಬಹುದು, ಅದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.

ಕ್ಯಾಮೆರಾಕ್ಕೆ ಕಾಣದ್ದನ್ನು ಉತ್ತರಪತ್ರಿಕೆ ತೋರಿಸಬಲ್ಲದು ಎಂಬುದಕ್ಕೆ ಶಿಕಾಗೋ ಉದಾಹರಣೆ. ಅಲ್ಲಿನ ಸಾರ್ವಜನಿಕ ಶಾಲೆಗಳ ಉತ್ತರಗಳನ್ನು ಪರಿಶೀಲಿಸಿದ ಬ್ರಯಾನ್ ಜೇಕಬ್ ಮತ್ತು ಸ್ಟೀವನ್ ಲೆವಿಟ್, ಪ್ರತಿ ವರ್ಷ ಕನಿಷ್ಠ ಶೇ 4ರಿಂದ 5ರಷ್ಟು ಪ್ರಾಥಮಿಕ ತರಗತಿಗಳಲ್ಲಿ ಶಿಕ್ಷಕರೇ ಅಕ್ರಮ ನಡೆಸಿದ ಕುರುಹಿದೆ ಎಂದು 2003ರಲ್ಲಿ ಪ್ರಕಟಿಸಿದರು. ಒಂದೇ ಕೊಠಡಿಯ ಮಕ್ಕಳ ಉತ್ತರಗಳಲ್ಲಿ ಅಸಹಜ ಹೋಲಿಕೆ, ಒಂದು ವರ್ಷ ಜಿಗಿದು ಮರುವರ್ಷ ಬೀಳುವ ಅಂಕ, ಇವೇ ಅವರ ಸುಳಿವುಗಳು. ಸಂಶಯ ಬಂದ ತರಗತಿಗಳಿಗೆ ಬಿಗಿ ಕಾವಲಿನಲ್ಲಿ ಮರುಪರೀಕ್ಷೆ ಮಾಡಿದಾಗ ಅಂಕಗಳು ಕುಸಿದವು. ಸರಿಯುತ್ತರ ಎಲ್ಲರದ್ದೂ ಒಂದೇ ಇರುವುದು ಸಹಜ. ಇಡೀ ಕೊಠಡಿ ಒಂದೇ ತಪ್ಪನ್ನು ಬರೆದಿದ್ದರೆ ಮಾತ್ರ ಅದಕ್ಕೆ ಬೇರೆ ವಿವರಣೆ ಬೇಕು. ಮೂರನೇ ಬೆಂಚಿನ ಆ ಹುಡುಗಿ ಹೊಡೆದುಹಾಕಿದ ಸರಿಯುತ್ತರದ ಕೆಳಗೆ ಬರೆದ ತಪ್ಪು, ಅವಳ ಹಿಂದೆ ಮುಂದೆ ಕೂತವರೆಲ್ಲರ ಹಾಳೆಯಲ್ಲೂ ಇದ್ದಿರಲೇಬೇಕು. ಬಹುಆಯ್ಕೆಯ ಭಾಗವನ್ನು ಓಎಂಆರ್ ಹಾಳೆಗೆ ಬದಲಾಯಿಸಿ, ಅಕ್ಕಪಕ್ಕದವರಿಗೆ ಆಯ್ಕೆಗಳ ಕ್ರಮ ಬೇರೆ ಮಾಡಿದರೆ ‘ಒಂದು ಬಿ, ಎರಡು ಡಿ’ ಎಂದು ಹೇಳಿಕೊಡುವುದೇ ನಿರರ್ಥಕವಾಗುತ್ತದೆ, ಹೇಳಿಕೊಟ್ಟರೆ ಗುರುತೂ ಉಳಿಯುತ್ತದೆ. ಇಂಥ ಪರಿಶೀಲನೆಯ ಫಲವನ್ನು ಮಕ್ಕಳ ಫಲಿತಾಂಶ ತಡೆಹಿಡಿಯಲು ಬಳಸಬಾರದು. ಮುಂದಿನ ವರ್ಷ ಆ ಕೇಂದ್ರದ ಸಿಬ್ಬಂದಿಯನ್ನು ಬದಲಿಸಲು, ಹೊಣೆಗಾರರನ್ನು ವಿಚಾರಿಸಲು ಬಳಸಬೇಕು.

ಒಂದೇ ಪರೀಕ್ಷೆಯ ಮೇಲಿನ ಭಾರವನ್ನು ಇಳಿಸುವ ಕೆಲಸ ನಮ್ಮಲ್ಲಿ ಅರ್ಧ ಆಗಿದೆ. 2023–24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದು, ಮಗು ಅವುಗಳಲ್ಲಿ ಪಡೆದ ಉತ್ತಮ ಅಂಕವನ್ನು ಉಳಿಸಿಕೊಳ್ಳಬಹುದಾಗಿದೆ. ಬಿದ್ದರೆ ವರ್ಷವೇ ಹೋಯಿತು ಎಂಬ ಭಯ ಕಡಿಮೆಯಾದಷ್ಟೂ ನಕಲಿನ ಸೆಳೆತವೂ ದುರ್ಬಲವಾಗುತ್ತದೆ. ಆದರೆ ಪರೀಕ್ಷೆ–1ಕ್ಕೂ ಪರೀಕ್ಷೆ–2ಕ್ಕೂ ನಡುವಿನ ವಾರಗಳಲ್ಲಿ ಆ ಮಗುವಿಗೆ ಯಾರು ಪಾಠ ಹೇಳುತ್ತಾರೆ ಎಂಬುದಕ್ಕೆ ಉತ್ತರ ಶಾಲೆಯಿಂದ ಶಾಲೆಗೆ ಬೇರೆ. ಇನ್ನು ಹತ್ತನೇ ತರಗತಿಗೆ ಬಂದ ಮೇಲೆ ಬೆಳಗ್ಗೆ ಸಂಜೆ ವಿಶೇಷ ತರಗತಿ ನಡೆಸುವ ಬದಲು, ಎಂಟನೇ ತರಗತಿಯ ಆರಂಭದಲ್ಲೇ ಓದು, ಬರಹ, ಲೆಕ್ಕದ ಮಟ್ಟ ನೋಡಿ ಹಿಂದುಳಿದವರಿಗೆ ಅಲ್ಲಿಂದಲೇ ಕಲಿಸುವುದು ಎಲ್ಲರೂ ಒಪ್ಪುವ, ಸಿಬ್ಬಂದಿ ಸಾಲದೆ ಕೈಬಿಡುವ ಕೆಲಸ.

ಇವೆಲ್ಲಕ್ಕಿಂತ ಮೊದಲು ಮಾಡಬಹುದಾದ, ಖರ್ಚೇ ಇಲ್ಲದ ಒಂದು ಕೆಲಸವಿದೆ. ಫಲಿತಾಂಶದ ದಿನ ಜಿಲ್ಲೆಗಳನ್ನು ಒಂದರಿಂದ ಸಾಲಾಗಿ ನಿಲ್ಲಿಸುವ ಪಟ್ಟಿಯನ್ನು ಕೈಬಿಟ್ಟು, ಅದರ ಜಾಗದಲ್ಲಿ ಪ್ರತಿ ತಾಲ್ಲೂಕಿನ ಬೇರೆ ನಾಲ್ಕು ಸಂಖ್ಯೆಗಳನ್ನು ಪ್ರಕಟಿಸಬೇಕು: ಎಂಟನೇ ತರಗತಿಗೆ ಸೇರಿದ ಮಕ್ಕಳಲ್ಲಿ ಹತ್ತನೇ ತರಗತಿಯ ಪರೀಕ್ಷೆಗೆ ಬಂದವರು ಎಷ್ಟು, ಆ ವರ್ಷ ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರ ಹುದ್ದೆಗಳು ಎಷ್ಟು ತಿಂಗಳು ಖಾಲಿ ಇದ್ದವು, ಅನುತ್ತೀರ್ಣರಾದವರಲ್ಲಿ ಪರೀಕ್ಷೆ–2 ಬರೆದವರು ಎಷ್ಟು, ಅದನ್ನೂ ಬರೆಯದೆ ಶಾಲೆಯಿಂದಲೇ ಮರೆಯಾದವರು ಎಷ್ಟು. ಮುಂದಿನ ಸುಧಾರಣಾ ಸಭೆಯಲ್ಲಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕರ ಮೇಜಿನ ಮೇಲೆ ಸ್ಥಾನದ ಪಟ್ಟಿಗೆ ಬದಲು ಆ ಹಾಳೆ ಇದ್ದರೆ, ಮುಖ್ಯ ಶಿಕ್ಷಕರು ಎದ್ದುನಿಂತು ತಮಗೆ ಗಣಿತದ ಮೇಷ್ಟ್ರು ಯಾವಾಗ ಬರುತ್ತಾರೆಂದು ಕೇಳಬಹುದು, ಮತ್ತು ಆ ಪ್ರಶ್ನೆಗೆ ಅಲ್ಲಿದ್ದವರು ಉತ್ತರ ಕೊಡಬೇಕಾಗುತ್ತದೆ.